ಮ್ಯಾಂಚೆಸ್ಟರಿನ ನಟಿ ವೆಂಡಿ ಹಿಲ್ಲರ್

ಇಂಗ್ಲೆಂಡಿನಲ್ಲಿ ಮನುಷ್ಯನು ಬಾಯಿ ತೆರೆದ ಮಾತ್ರಕ್ಕೆ ಅವನ ಊರು, ಮನೆತನ, ಓದು, ವರಮಾನ ಇವೆಲ್ಲವೂ ಕೇಳುವವರಿಗೆ ಗೊತ್ತಾಗಿಬಿಡುತ್ತಿದ್ದ ಕಾಲವೊಂದಿದ್ದಿತು. ದಕ್ಷಿಣದೇಶದ ದೊಡ್ಡ ಶಾಲೆಗಳಲ್ಲಿ ಅಭ್ಯಾಸವಾಗುತ್ತಿದ್ದ ಉಚ್ಚಾರಣೆಯೇ ಶಿಷ್ಟವೆಂದೂ, ಉತ್ತರದ ಗಿರಣಿಯ ಊರುಗಳ ಮಾತಿನ ಧಾಟಿಯು ಒರಟೆಂದೂ ಎಲ್ಲರೂ ಒಪ್ಪಿಕೊಂಡಿದ್ದರು. ಆ ಒರಟು ಮಾತನ್ನೇ ಆಡುತ್ತಿದ್ದವರು ಸಹ ಒಪ್ಪಿಕೊಂಡಿದ್ದರೆಂಬುದು ಇನ್ನೂ ಸೋಜಿಗದ ಸಂಗತಿ. ಮ್ಯಾಂಚೆಸ್ಟರಿನಲ್ಲಿ ಹತ್ತಿಯ ಬಟ್ಟೆಯ ತಯಾರಿಕೆಯಿಂದ ಅನುಕೂಲಸ್ಥನಾಗಿದ್ದ ಫ್ರಾಂಕ್ ವಾಟ್ಕಿನ್ ಹಿಲ್ಲರ್ ಎಂಬಾತನೂ ಅಂಥವರಲ್ಲೊಬ್ಬನು. ಅವನ ಮಗಳು ವೆಂಡಿ 1912ನೆಯ ಇಸವಿ ಆಗಸ್ಟ್ 15ರಂದು ಮ್ಯಾಂಚೆಸ್ಟರಿಗೆ ದಕ್ಷಿಣದಲ್ಲಿರುವ ಬ್ರಾಮ್‌ಹಾಲ್ ಎಂಬಲ್ಲಿ ಹುಟ್ಟಿದಳು. ಹುಡುಗಿಯ ನಾಲಗೆಯಿಂದ ಉತ್ತರದ ಧಾಟಿಯು ತೊಲಗಲೆಂದು ತಂದೆಯು ಅವಳನ್ನು ಸಸೆಕ್ಸ್ ಸೀಮೆಯ ಕಡಲತೀರದಲ್ಲಿರುವ ಬೆಕ್ಸ್‌ಹಿಲ್ ಊರಿನ ವಿನ್ಸ್‌ಬಿ ಹೌಸ್ ಎಂಬ ಶಾಲೆಗೆ ಕಳುಹಿಸಿದನು. ಶಾಲೆಯು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಆದರೆ ಮುಂದೆ ಆ ಹುಡುಗಿಗೆ ಕೀರ್ತಿಯನ್ನು ತಂದುಕೊಟ್ಟುದು ಶಾಲೆಯು ಕಲಿಸಿದ ಮಾತಲ್ಲ, ಅದು ಮರೆಯಿಸಹೊರಟಿದ್ದ ಮಾತು.

1930ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ವೆಂಡಿಯು ಮ್ಯಾಂಚೆಸ್ಟರಿನ ರೆಪರ್ಟರಿ ರಂಗಶಾಲೆಯನ್ನು ಸೇರಿದಳು. ಈ ರೆಪರ್ಟರಿಯೆಂಬ ಏರ್ಪಾಡು ಕನ್ನಡ ವಾಚಕರಿಗೆ ಅಷ್ಟು ಪರಿಚಿತವಾದುದಲ್ಲ. ಕನ್ನಡ ನಾಡಿನ ನಾಟಕ ಕಂಪನಿಯು ನಾಲ್ಕಾರು ನಾಟಕಗಳನ್ನು ಕಟ್ಟಿಕೊಂಡು ಊರಿಂದೂರಿಗೆ ಹೋಗುವುದು. ಕಂಪನಿಯು ಚಲಿಸುವುದು, ನಾಟಕಗಳು ಬಹುಮಟ್ಟಿಗೆ ಅವೇ ಇರುವುವು. ರೆಪರ್ಟರಿಯಲ್ಲಿ ಇದು ತಿರುಗುಮುರುಗು. ರಂಗಶಾಲೆಯೂ ನಟರೂ ಒಂದೇ ಊರಿನಲ್ಲಿ ನೆಲೆಯಾಗಿದ್ದು, ನಾಟಕಗಳು ಬದಲಾಗುತ್ತಿರುವುವು. ಲಂಡನ್ ನಗರದಲ್ಲಿ ಜನ ಬರುವವರೆಗೂ ಒಂದೇ ನಾಟಕವನ್ನು ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಗಟ್ಟಲೆ ಆಡುತ್ತಿದ್ದರೆ, ಪ್ರಾಂತದ ರೆಪರ್ಟರಿಗಳು ಬಹಳ ಕಡೆ ವಾರಕ್ಕೊಂದು ನಾಟಕವನ್ನು ಸಿದ್ಧಮಾಡಬೇಕಾಗಿದ್ದಿತು. ಬೆಳಿಗ್ಗೆ ಮುಂದಿನ ವಾರದ ನಾಟಕದ ತಾಲೀಮು, ರಾತ್ರಿ ಈ ವಾರದ ನಾಟಕ, ಅದು ಮುಗಿದಮೇಲೆ ಕೋಣೆಯಲ್ಲಿ ಕುಳಿತು ಹೊಸ ಮಾತುಗಳನ್ನು ಬಾಯಿಪಾಠ ಮಾಡುವುದು. ಸಾಮಾಜಿಕ ನಾಟಕಗಳಾದರೆ ತೊಡುವ ಬಟ್ಟೆಯನ್ನು ನಟರೇ ಒದಗಿಸಿಕೊಳ್ಳಬೇಕು. ಹೊಸದಾಗಿ ಸೇರಿದವರಿಗೆ ಪಾತ್ರಕ್ಕಿಂತ ಮೊದಲು ರಂಗವ್ಯವಸ್ಥಾಪಕನ ಕೈಕೆಳಗಿನ ಚಾಕರಿಯೇ ಗತಿ: ಸಾಮಾನು ಜೋಡಿಸುವುದು, ಮರೆಯಲ್ಲಿ ನಿಂತು ಮಾತು ತಪ್ಪಿದವರಿಗೆ ನೆನಪುಕೊಡುವುದು, ಯಾರಾದರೂ ಕಾಯಿಲೆಬಿದ್ದರೆ ಅವರ ಪಾತ್ರವನ್ನು ವಹಿಸುವುದು. ವೆಂಡಿ ಹಿಲ್ಲರಳ ಮೊದಲ ವರ್ಷಗಳು ಇಂಥ ದುಡಿಮೆಯಲ್ಲಿಯೇ ಕಳೆದುವು. ಇದರಿಂದ ನಟನೆಯು ಯಾಂತ್ರಿಕವಾಗುವುದೆಂದು ಹಳಿಯುವವರು ಆಗಲೂ ಇದ್ದರು. ಅವರ ಮಾತಿನಲ್ಲಿ ಸತ್ಯವಿಲ್ಲವೆನ್ನಲಾಗದು. ಏಳು ದಿನದ ತಾಲೀಮಿನಲ್ಲಿ ಹ್ಯಾಮ್ಲೆಟ್ಟನ ಅಂತರಂಗವನ್ನು ಹೊಕ್ಕು ಬರುವುದು ಸಾಧ್ಯವಲ್ಲ. ಆದರೆ ಒಂದು ವರ್ಷದಲ್ಲಿ ಅಜ್ಜಿ, ಅಡಿಗೆಯವಳು, ರಾಣಿ, ಕಳ್ಳಿ ಎಲ್ಲವೂ ಆಗಬೇಕಾದ ಹುಡುಗಿಗೆ ತಾನು ಚೆಲುವೆಯಾಗಿ ಕಾಣಬೇಕೆಂಬ ಚಿಂತೆಗೆ ಬಿಡುವು ಸಿಕ್ಕುವುದಿಲ್ಲ.

ಆಂಗ್ಲದೇಶದ ರೆಪರ್ಟರಿ ಚಳವಳಿಗೆ ಮ್ಯಾಂಚೆಸ್ಟರು ತವರೆಂದರೆ ತಪ್ಪಾಗದು. ಚಹದ ವ್ಯಾಪಾರದಿಂದ ಸಿರಿವಂತವಾದ ಮನೆತನದ ಆನಿ ಹಾರ್ನಿಮನ್ ಎಂಬಾಕೆಯು, 1904ರಲ್ಲಿ ಡಬ್ಲಿನ್ನಿನ ಆಬ್ಬಿ ರಂಗಶಾಲೆಗೆ ಹಣವಿತ್ತವಳು, 1907ರಲ್ಲಿ ಮ್ಯಾಂಚೆಸ್ಟರಿಗೆ ಬಂದು, ಮರುವರ್ಷ ಗೇಯ್ಟಿ ಎಂಬ ರಂಗಶಾಲೆಯನ್ನು ಕೊಂಡು, ಊರಿನದೇ ಆದ ನಾಟಕ ಮಂಡಲಿಯೊಂದನ್ನು ನಿಲ್ಲಿಸಿದಳು. ಆ ಮಂಡಲಿಯು ಆಡಿದ ನಾಟಕಗಳು 200ಕ್ಕೂ ಹೆಚ್ಚು; ಅವುಗಳಲ್ಲಿ ಹೊಸವೇ ಬಹಳ. ಸ್ಟಾನ್ಲಿ ಹೌಟನ್, ಹೆರಲ್ಡ್ ಬ್ರಿಗ್‌ಹೌಸ್, ಆಲನ್ ಮಂಕ್‌ಹೌಸ್ ಮೊದಲಾದವರು ಲ್ಯಾಂಕಷೈರಿನ ಮನೆಗಳ ಮಾತನ್ನು ಮೊಟ್ಟಮೊದಲು ಗೌರವದಿಂದ ರಂಗಕ್ಕೆ ತಂದರು. ಅದಕ್ಕೆ ಮುಂಚೆ ಉತ್ತರದ ಮಾತೆಂದರೆ ನಗೆಗಾರನ ಸೊತ್ತು. ಹೌಟನ್ನನ 'ಹಿಂಡಲ್ ವೇಕ್ಸ್' ನಾಟಕವು ವೆಂಡಿಯು ಹುಟ್ಟಿದ 1912ರಲ್ಲಿಯೇ ರಂಗವನ್ನೇರಿತು. ಅದರ ನಾಯಿಕೆ ಗಿರಣಿಯ ಹುಡುಗಿ. ಹಬ್ಬದ ರಜೆಯಲ್ಲಿ ಧಣಿಯ ಮಗನೊಡನೆ ಎರಡು ದಿನ ಊರುಬಿಟ್ಟು ಹೋಗಿಬಂದವಳು. ಹಿರಿಯರೆಲ್ಲ ಕೂಡಿ ಮಾನ ಉಳಿಸಲು ಮದುವೆಯನ್ನು ಗೊತ್ತುಮಾಡಿದಾಗ, ತನಗೆ ಮಗ್ಗದ ಕೆಲಸ ಬರುವುದೆಂದೂ ಅವನ ಹಂಗು ಬೇಡವೆಂದೂ ಹೇಳಿ ಹೊರಟುಬಿಡುವಳು. ಮಹಾಯುದ್ಧದ ಕಾಲದಲ್ಲಿ, 1917ರ ವೇಳೆಗೆ, ಹಾರ್ನಿಮನ್ನಳ ಮಂಡಲಿಯು ಚೆದರಿಹೋಯಿತು. ಕೆಲವು ವರ್ಷಗಳಲ್ಲಿ ಗೇಯ್ಟಿಯೂ ಚಲಚ್ಚಿತ್ರ ಮಂದಿರವಾಯಿತು. ಆದರೆ ಊರಿಗೆ ತನ್ನದೇ ಆದ ರಂಗಶಾಲೆಯಿರಬೇಕೆಂಬ ಆಸೆಯು ಹೋಗಲಿಲ್ಲ. ವೆಂಡಿಯು ಸೇರಿದುದು ಆ ಆಸೆಯ ಎರಡನೆಯ ತಲೆಮಾರನ್ನು.

ಆಗಿನ ಲ್ಯಾಂಕಷೈರಿನ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹತ್ತಿಯ ಉದ್ಯಮವು ಆ ಸೀಮೆಯ ಉಸಿರಾಗಿದ್ದಿತು. ಅಮೆರಿಕದ ಅಂತರ್ಯುದ್ಧದಿಂದ 1860ರ ದಶಕದಲ್ಲಿ ಹತ್ತಿಯ ಸರಬರಾಯಿ ನಿಂತಾಗ ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಹೊಲಗಳ ಮೇಲೂ ಕಾರವಾರದ ಬಂದರಿನ ಮೇಲೂ ಬಿದ್ದಿದ್ದುದು ಕನ್ನಡಿಗರಿಗೆ ನೆನಪಿರಬಹುದು. ಒಂದನೆಯ ಮಹಾಯುದ್ಧದ ತರುವಾಯ ಆ ಉದ್ಯಮವು ಇಳಿಯತೊಡಗಿತು. ಹಿಂದೂಸ್ಥಾನದ ಗಿರಣಿಗಳು, ಜಪಾನಿನ ಗಿರಣಿಗಳು, ಲೋಕದ ಮಾರುಕಟ್ಟೆಯ ಕುಸಿತ ಇವೆಲ್ಲ ಸೇರಿ ಮಗ್ಗಗಳು ನಿಂತುವು. 1931ರ ಸೆಪ್ಟೆಂಬರಿನಲ್ಲಿ ಗಾಂಧಿಯವರು ಲ್ಯಾಂಕಷೈರಿನ ಊರುಗಳಿಗೆ ಹೋದಾಗ ಅವರನ್ನು ಆದರದಿಂದ ಕಂಡ ಕೂಲಿಕಾರರಲ್ಲಿ ಕೆಲಸವಿಲ್ಲದವರು ಎಷ್ಟೋ ಮಂದಿ. 1932-33ರ ಚಳಿಗಾಲದಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆಯು 30 ಲಕ್ಷದ ಹತ್ತಿರಕ್ಕೆ ಬಂದಿತು. ಸರ್ಕಾರವು ಕೊಡುತ್ತಿದ್ದ ಭತ್ಯಕ್ಕೆ ಜನರು 'ಡೋಲ್' ಎಂದು ಕರೆಯುತ್ತಿದ್ದರು. 1931ರಿಂದ ಅದಕ್ಕೂ ಮನೆಯ ಒಟ್ಟು ವರಮಾನದ ತನಿಖೆಯು ಗಂಟುಬಿದ್ದಿತು. ಮಗನೋ ಮಗಳೋ ನಾಲ್ಕು ಕಾಸು ತರುತ್ತಿದ್ದರೆ ತಂದೆಯ ಭತ್ಯವು ಕಡಿಮೆಯಾಗುವುದು. ಹಸಿವಿಗಿಂತ ಈ ಅವಮಾನವೇ ಮನೆಗಳನ್ನು ಹೆಚ್ಚಾಗಿ ಒಡೆಯಿತು.

ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸಾಲ್ಫರ್ಡಿನಲ್ಲಿ ಹುಟ್ಟಿ, ತಾನೇ ನಿರುದ್ಯೋಗವನ್ನು ಉಂಡಿದ್ದ ವಾಲ್ಟರ್ ಗ್ರೀನ್‌ವುಡ್ ಎಂಬುವನು ಈ ಬಾಳನ್ನು 'ಲವ್ ಆನ್ ದಿ ಡೋಲ್' ಎಂಬ ಕಾದಂಬರಿಯಾಗಿ ಬರೆದು 1933ರಲ್ಲಿ ಪ್ರಕಟಿಸಿದನು. ಉಪಾಧ್ಯಾಯನೂ ನಾಟಕಕಾರನೂ ಆಗಿದ್ದ ರೊನಾಲ್ಡ್ ಗೌ ಅವನೊಡನೆ ಕೂಡಿ ಅದನ್ನು ನಾಟಕವಾಗಿ ಮಾಡಿದನು. 1934ರಲ್ಲಿ ಮ್ಯಾಂಚೆಸ್ಟರ್ ರೆಪರ್ಟರಿಯು ಅದನ್ನು ಆಡಿದಾಗ ನಾಯಿಕೆ ಸ್ಯಾಲಿ ಹಾರ್ಡ್‌ಕ್ಯಾಸಲ್ಲಳ ಪಾತ್ರವು ವೆಂಡಿ ಹಿಲ್ಲರಳ ಪಾಲಿಗೆ ಬಂದಿತು.

ಸ್ಯಾಲಿಯು ಗಿರಣಿಯಲ್ಲಿ ದುಡಿಯುವ ಹುಡುಗಿ. ಗಿರವಿಯ ಅಂಗಡಿ, ಇಕ್ಕಟ್ಟಾದ ಬೀದಿ, ಕುದುರೆಯ ಜೂಜಿನ ಆಸೆ ಇವುಗಳ ನಡುವೆ ಬೆಳೆದವಳು. ಲ್ಯಾರಿ ಎಂಬ ವಿಚಾರವಂತ ತರುಣನನ್ನು ಪ್ರೀತಿಸುವಳು. ಅವನೂ ಕೆಲಸ ಕಳೆದುಕೊಳ್ಳುವನು. ನಿರುದ್ಯೋಗಿಗಳ ಮೆರವಣಿಗೆಯಲ್ಲಿ ಪೋಲೀಸರೊಡನೆ ನಡೆದ ಘರ್ಷಣೆಯ ತರುವಾಯ ತೀರಿಕೊಳ್ಳುವನು. ತಂದೆಗೆ ಕೆಲಸವಿಲ್ಲ, ತಮ್ಮನಿಗೆ ಕೆಲಸವಿಲ್ಲ. ಕೊನೆಗೆ ಅವಳು ಜೂಜಿನ ಹಣದಿಂದ ಕೊಬ್ಬಿದ ಸ್ಯಾಮ್ ಗ್ರಂಡಿ ಎಂಬುವನ ಮನೆಗೆ ಹೆಸರಿಗೆ ಮನೆವಾರ್ತೆಯವಳಾಗಿ ಹೋಗುವಳು. ಅವನ ಶಿಫಾರಸಿನಿಂದ ತಂದೆಗೂ ತಮ್ಮನಿಗೂ ಕೆಲಸ ದೊರೆಯುವುದು. 'ಹಿಂಡಲ್ ವೇಕ್ಸ್' ನಾಟಕದ ಹುಡುಗಿಯು 1912ರಲ್ಲಿ ಮಗ್ಗವನ್ನು ನಂಬಿ ಧಣಿಯ ಮಗನನ್ನು ನಿರಾಕರಿಸಬಲ್ಲವಳಾಗಿದ್ದಳು. ಇಪ್ಪತ್ತೆರಡು ವರ್ಷಗಳಲ್ಲಿ ಮಗ್ಗವೇ ಇಲ್ಲವಾಗಿದ್ದಿತು. ಈ ಎರಡು ನಾಟಕಗಳನ್ನು ಒಟ್ಟಿಗಿಟ್ಟು ನೋಡಿದವರಿಗೆ ಲ್ಯಾಂಕಷೈರಿನ ಆ ಕಾಲದ ಚರಿತ್ರೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಈ ಪಾತ್ರಕ್ಕೆ ಬೇಕಾಗಿದ್ದುದು ಸಾಲ್ಫರ್ಡಿನ ಬೀದಿಯ ಮಾತು. ಲಂಡನ್ನಿನ ನಟಿಯಾಗಿದ್ದರೆ ಅದನ್ನು ಅಣಕವಾಗಿ ಕಲಿಯಬೇಕಾಗುತ್ತಿದ್ದಿತು. ಅನುಕೂಲಸ್ಥರ ಮಗಳಾದ ವೆಂಡಿಯು ಆ ಬೀದಿಯಲ್ಲಿ ಹುಟ್ಟಿದವಳಲ್ಲ. ಆದರೆ ಅದರ ಧ್ವನಿಯನ್ನು ಬಾಲ್ಯದಿಂದ ಕೇಳಿದವಳು, ಅದನ್ನು ಬಿಡಿಸುವುದಕ್ಕಾಗಿ ಇನ್ನೂರು ಮೈಲಿಯ ದೂರಕ್ಕೆ ಕಳುಹಿಸಲ್ಪಟ್ಟವಳು. ಬಿಡಬೇಕೆಂದು ಹೇಳಿಸಿಕೊಂಡ ಮಾತನ್ನು ಮನುಷ್ಯನು ಎಷ್ಟು ಸೂಕ್ಷ್ಮವಾಗಿ ಕಿವಿಗೊಟ್ಟು ಕೇಳುವನೆಂಬುದಕ್ಕೆ ಈಕೆಯ ಸ್ಯಾಲಿಯೇ ನಿದರ್ಶನ. ನಾಟಕವು ಮ್ಯಾಂಚೆಸ್ಟರಿನಿಂದ ಊರೂರಿಗೆ ಹೋಯಿತು; 1935ರ ಜನವರಿಯಲ್ಲಿ ಲಂಡನ್ನಿನ ಗ್ಯಾರಿಕ್ ರಂಗಶಾಲೆಯನ್ನು ಸೇರಿ, ಅಲ್ಲಿ ಸುಮಾರು ಒಂದು ವರ್ಷ ನಡೆಯಿತು; 1936ರಲ್ಲಿ ನ್ಯೂಯಾರ್ಕಿಗೂ ದಾಟಿತು. ಭತ್ಯದ ಸಾಲಿನಲ್ಲಿ ನಿಂತವರ ಕಷ್ಟವನ್ನು ಪತ್ರಿಕೆಯಲ್ಲಿ ಓದಿ ಪುಟ ಮಗುಚುತ್ತಿದ್ದ ಲಂಡನ್ನಿನ ಶ್ರೀಮಂತರು ರಂಗದೆದುರಿನಲ್ಲಿ ಕುಳಿತು ಕೇಳಬೇಕಾಯಿತು. ನಾಟಕವನ್ನು ಬರೆದ ಗೌ 1937ರಲ್ಲಿ ನಾಯಿಕೆಯ ಕೈಹಿಡಿದನು. ಆ ದಾಂಪತ್ಯವು 1993ರಲ್ಲಿ ಅವನು ತೀರಿಕೊಳ್ಳುವ ಪರ್ಯಂತ ನಡೆಯಿತು.

ಇಷ್ಟು ಹೆಸರಾದ ಪಾತ್ರವು ವೆಂಡಿಯ ಮುಖದಲ್ಲಿ ಚಲಚ್ಚಿತ್ರಕ್ಕೆ ಬರಲೇ ಇಲ್ಲ. ಚಿತ್ರಗಳ ಪರಿಶೋಧಕ ಮಂಡಲಿಯು 1936ರಲ್ಲಿ ಈ ಕಥೆಯನ್ನು ತೆಗೆಯಲು ಒಪ್ಪಿಗೆ ಕೊಡಲಿಲ್ಲ. ರಂಗದ ಮೇಲೆ ಕೆಲವು ನೂರು ಮಂದಿ ನೋಡಿದರೆ ಚಿಂತೆಯಿಲ್ಲ, ಪರದೆಯ ಮೇಲೆ ದುಡಿಯುವ ಜನರೆಲ್ಲ ನೋಡಿದರೆ ಕೇಡೆಂಬುದು ಆ ಕಾಲದ ಅಧಿಕಾರಿಗಳ ಎಣಿಕೆಯಾಗಿದ್ದಿತು. ಯುದ್ಧವು ಬಂದು, ನಿರುದ್ಯೋಗವು ಹಿಂದಿನ ಮಾತಾಗಿ, ಜನರ ಒಕ್ಕಟ್ಟೇ ದೇಶಕ್ಕೆ ಬೇಕಾದಾಗ ಒಪ್ಪಿಗೆ ದೊರೆಯಿತು. 1941ರ ಆ ಚಿತ್ರದಲ್ಲಿ ಸ್ಯಾಲಿಯಾದವಳು ಡೆಬೊರಾ ಕರ್ ಎಂಬ ತರುಣಿ.

ಬರ್ನಾರ್ಡ್ ಷಾ ಮಹಾಶಯನು ವೆಂಡಿಯ ಸ್ಯಾಲಿಯನ್ನು ಮೆಚ್ಚಿ, 1936ರ ಮಾಲ್ವರ್ನ್ ನಾಟಕೋತ್ಸವದಲ್ಲಿ ತನ್ನ ಎರಡು ನಾಯಿಕೆಯರನ್ನು ಅವಳ ಕೈಗಿತ್ತನು: ಒಬ್ಬಳು ಸಂತ ಜೋನ್, ಇನ್ನೊಬ್ಬಳು 'ಪಿಗ್ಮೇಲಿಯನ್' ನಾಟಕದ ಎಲೈಜ. ಷಾನಿಗೆ ಆ ಬೇಸಗೆಯಲ್ಲಿ ಎಂಬತ್ತು ತುಂಬಿದ್ದಿತು. ಎಲೈಜಳ ಕಥೆಯು ಈಗ ಲೋಕಪ್ರಸಿದ್ಧ. ಕಾವೆಂಟ್ ಗಾರ್ಡನ್ನಿನ ಬಳಿ ಹೂ ಮಾರುವ ಕೊಳಕು ಬಟ್ಟೆಯ ಹುಡುಗಿಗೆ ಹಿಗ್ಗಿನ್ಸ್ ಎಂಬ ಧ್ವನಿಶಾಸ್ತ್ರಜ್ಞನು ಶಿಷ್ಟರ ಉಚ್ಚಾರಣೆಯನ್ನು ಕಲಿಸಿ, ಅವಳನ್ನು ರಾಜಮನೆತನದವಳೆಂದು ದೊಡ್ಡವರ ಸಭೆಯಲ್ಲಿ ನಂಬಿಸುವನು, ಪಂತವನ್ನು ಗೆಲ್ಲುವನು, ಗೆದ್ದ ಮೇಲೆ ಆ ಹುಡುಗಿಯ ಗತಿಯೇನೆಂಬುದನ್ನು ಮಾತ್ರ ಯೋಚಿಸಿರುವುದಿಲ್ಲ. 1914ರಲ್ಲಿ ಲಂಡನ್ನಿನಲ್ಲಿ ಈ ಪಾತ್ರವನ್ನು ವಹಿಸಿದ ಪ್ಯಾಟ್ರಿಕ್ ಕ್ಯಾಂಬೆಲ್ ಶ್ರೀಮತಿಯು ಶಿಷ್ಟಭಾಷೆಯಲ್ಲಿಯೇ ಬೆಳೆದ ದೊಡ್ಡ ನಟಿ. ಆಗ ಅವಳಿಗೆ ವಯಸ್ಸು ನಲವತ್ತೊಂಬತ್ತು. ಅವಳು ಮೇಲಿನಿಂದ ಇಳಿದುಬಂದು ಎಲೈಜಳಾಗಬೇಕಾಗಿದ್ದಿತು. ವೆಂಡಿಗೆ ಆ ಪಾಠವು ಸ್ವಾನುಭವ. ಒಂದು ನುಡಿಯನ್ನು ಕಿತ್ತು ಇನ್ನೊಂದನ್ನು ನೆಡುವಾಗ ಎಲ್ಲಿ ನೋಯುವುದೆಂಬುದು ಅವಳಿಗೆ ತಿಳಿದಿದ್ದಿತು.

ಗೇಬ್ರಿಯಲ್ ಪ್ಯಾಸ್ಕಲ್ ಎಂಬ ಹಂಗೆರಿಯವನು ಷಾನ ಒಪ್ಪಿಗೆಯನ್ನು ಪಡೆದು ಈ ನಾಟಕವನ್ನು 1938ರಲ್ಲಿ ವಾಕ್ಚಿತ್ರವಾಗಿ ತೆಗೆಯಿಸಿದನು. ಆಂಥೊನಿ ಆಸ್ಕ್ವಿತ್ ಮತ್ತು ಲೆಸ್ಲಿ ಹೋವರ್ಡ್ ನಿರ್ದೇಶಕರು, ಹೋವರ್ಡನೇ ಹಿಗ್ಗಿನ್ಸ್. ಎಲೈಜಳ ಪಾತ್ರಕ್ಕೆ ವೆಂಡಿಯೇ ಆಗಬೇಕೆಂಬುದು ಷಾನ ಹಟ. ಅದಕ್ಕೆ ಮುಂಚೆ ಅವಳು ಅಭಿನಯಿಸಿದ್ದುದು 1937ರ 'ಲ್ಯಾಂಕಷೈರ್ ಲಕ್' ಎಂಬ ಒಂದು ಸಣ್ಣ ಚಿತ್ರದಲ್ಲಿ ಮಾತ್ರ. ಈ ವಾಕ್ಚಿತ್ರವು ಈಗಲೂ ನೋಡಲು ದೊರೆಯುವುದರಿಂದ ಅವಳ ಅಭಿನಯದ ರೀತಿಯನ್ನು ಕಣ್ಣಾರೆ ಕಾಣಬಹುದು. ಹಿಗ್ಗಿನ್ಸನ ತಾಯಿಯ ಮನೆಯಲ್ಲಿ ಚಹಕ್ಕೆ ಕುಳಿತ ಸಂದರ್ಭವನ್ನೇ ನೋಡಬೇಕು. ಎಲೈಜಳ ಉಚ್ಚಾರಣೆಯು ಆಗ ಸರಿಹೋಗಿದೆ, ಆದರೆ ಆಡತಕ್ಕ ವಿಷಯ ಯಾವುದೆಂಬುದು ಇನ್ನೂ ತಿಳಿದಿಲ್ಲ. ಹವೆಯ ವಿಚಾರವನ್ನು ಪಾಠ ಒಪ್ಪಿಸುವಂತೆ ಹೇಳಿ ಮುಗಿಸಿ, ತನ್ನ ಅತ್ತೆಯೊಬ್ಬಳು ಸತ್ತ ಬಗೆಯನ್ನೂ, ಅವಳನ್ನು ಯಾರೋ ತೀರಿಸಿಬಿಟ್ಟರೆಂಬ ಸಂಶಯವನ್ನೂ ಅದೇ ತಿದ್ದಿದ ಉಚ್ಚಾರಣೆಯಲ್ಲಿ ವಿವರಿಸುವಳು. ಇಲ್ಲಿ ನಗಿಸುವುದು ಸುಲಭ. ವೆಂಡಿಯು ನಗಿಸಲು ಹೋಗುವುದೇ ಇಲ್ಲ. ಬೆನ್ನನ್ನು ನೆಟ್ಟಗಿಟ್ಟು, ಒಂದೊಂದು ಅಕ್ಷರವನ್ನೂ ಗಾಜಿನ ಬಟ್ಟಲನ್ನು ಮೇಜಿನ ಮೇಲಿಡುವಂತೆ ಜೋಪಾನವಾಗಿ ಇಡುವಳು. ನೋಡುವವರಿಗೆ ನಗೆ ಬರುವುದು. ನಗುತ್ತಿರುವಾಗಲೇ ಆ ಹುಡುಗಿಯು ಎಲ್ಲಿ ಎಡವಿಬಿಡುವಳೋ ಎಂಬ ಭಯವೂ ಆಗುವುದು. ಹೊರಡುವಾಗ ಅವಳ ಬಾಯಿಂದ ಬೀಳುವ ಒಂದು ಬೈಗುಳವು 1914ರಲ್ಲಿ ಲಂಡನ್ನನ್ನೇ ಬೆಚ್ಚಿಬೀಳಿಸಿದ್ದಿತು. 1938ರಲ್ಲಿ ಅದು ಬ್ರಿಟಿಷ್ ಪರದೆಯ ಮೇಲೆ ಮೊದಲಬಾರಿ ಕೇಳಿಬಂದಿತು.

ಚಿತ್ರಕಥೆಗಾಗಿ ಷಾನಿಗೆ ಅಮೆರಿಕದ ಅಕಾಡೆಮಿ ಬಹುಮಾನವು ದೊರೆಯಿತು. ಶ್ರೇಷ್ಠ ನಟಿಯ ಬಹುಮಾನಕ್ಕೆ ವೆಂಡಿಯ ಹೆಸರು ಸೂಚಿತವಾಯಿತು. ಬ್ರಿಟಿಷ್ ಚಿತ್ರವೊಂದರಲ್ಲಿ ಅಭಿನಯಿಸಿದ ಬ್ರಿಟಿಷ್ ನಟಿಗೆ ಈ ಮನ್ನಣೆಯು ಅದೇ ಮೊದಲು. ಇಂಥ ಸಮಯದಲ್ಲಿ ಬೇರೆ ಯಾರೇ ಆಗಲಿ ಹಾಲಿವುಡ್ಡಿಗೆ ಹೋಗಿ ನೆಲಸುತ್ತಿದ್ದರು. ವೆಂಡಿಯು ಹೋಗಲಿಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ, ಮತ್ತೆಮತ್ತೆ ನಿಂತು ಮತ್ತೆಮತ್ತೆ ಮುಂದುವರಿದ 'ಮೇಜರ್ ಬಾರ್ಬರಾ' ಚಿತ್ರದಲ್ಲಿ ಷಾನ ಇನ್ನೊಬ್ಬ ನಾಯಿಕೆಯಾದಳು. ಮುಕ್ತಿಸೇನೆಯಲ್ಲಿ ಬಡವರ ಸೇವೆಗೆ ನಿಂತ, ಫಿರಂಗಿಯ ವ್ಯಾಪಾರಿಯ ಮಗಳು. ಚಿತ್ರವು 1941ರಲ್ಲಿ ಹೊರಬಂದಿತು. ಡೆಬೊರಾ ಕರ್ ಮೊದಲು ಪರದೆಯ ಮೇಲೆ ಕಾಣಿಸಿಕೊಂಡುದೂ ಈ ಚಿತ್ರದಲ್ಲಿಯೇ. ತರುವಾಯ ಪವೆಲ್ ಮತ್ತು ಪ್ರೆಸ್‌ಬರ್ಗರ್ ಜೋಡಿಯು ತಮ್ಮ 'ಕರ್ನಲ್ ಬ್ಲಿಂಪ್' ಚಿತ್ರದ ನಾಯಿಕೆಯಾಗಿ ವೆಂಡಿಯನ್ನೇ ಬಯಸಿದ್ದರು. ಆಗ ಅವಳು ಗರ್ಭಿಣಿ. ಆ ಪಾತ್ರವೂ ಕರ್ ಎಂಬವಳಿಗೆ ಹೋಯಿತು. ಎರಡು ಸಲ ಹೀಗೆ ಅದೃಷ್ಟವು ಒಬ್ಬಳ ಬಾಗಿಲಿನಿಂದ ಇನ್ನೊಬ್ಬಳ ಬಾಗಿಲಿಗೆ ಹೋದುದರಲ್ಲಿ ಯಾರ ತಪ್ಪೂ ಇಲ್ಲ. ಕರ್ ಹಾಲಿವುಡ್ಡಿನ ತಾರೆಯಾದಳು. ವೆಂಡಿಯು ಬೀಕನ್ಸ್‌ಫೀಲ್ಡ್ ಎಂಬ ಊರಿನಲ್ಲಿ ಗಂಡ ಮತ್ತು ಇಬ್ಬರು ಮಕ್ಕಳೊಡನೆ ಸಂಸಾರ ಹೂಡಿದಳು.

ಅದೇ ಜೋಡಿಯು 1945ರಲ್ಲಿ ತೆಗೆದ 'ಐ ನೋ ವೇರ್ ಐ ಆಮ್ ಗೋಯಿಂಗ್' ಚಿತ್ರದಲ್ಲಿ ಅವಳಿಗೆ ಮ್ಯಾಂಚೆಸ್ಟರಿನ ಹುಡುಗಿಯ ಪಾತ್ರವೇ ಸಿಕ್ಕಿತು. ಹಣವಂತನನ್ನು ಮದುವೆಯಾಗಲು ಸ್ಕಾಟ್ಲೆಂಡಿನ ದ್ವೀಪಕ್ಕೆ ಹೊರಟವಳು ಬಿರುಗಾಳಿಯಿಂದ ದಾರಿಯಲ್ಲಿಯೇ ತಡೆದು, ಅಲ್ಲಿ ಬೇರೊಬ್ಬನಿಗೆ ಮನಸೋಲುವಳು. ಮಲ್ ದ್ವೀಪದಲ್ಲಿ ಗಾಳಿ ಮಳೆಗಳ ನಡುವೆ ಚಿತ್ರವನ್ನು ತೆಗೆದರು. ನಾಯಕನಾದ ರಾಜರ್ ಲಿವ್ಸಿಗೆ ಮಾತ್ರ ಲಂಡನ್ನಿನಲ್ಲಿ ರಾತ್ರಿ ನಾಟಕವಿದ್ದುದರಿಂದ ಅವನು ಆ ದ್ವೀಪದ ಮೇಲೆ ಕಾಲಿಡಲೇ ಇಲ್ಲ; ಅಲ್ಲಿ ದೂರದಿಂದ ಕಾಣುವವನು ಅವನ ಬದಲಿಗೆ ನಿಂತ ಇನ್ನೊಬ್ಬನು. ಪ್ರೇಮಕಥೆಯು ಆದರೂ ನಂಬಿಕೆಯಾಗುವಂತಿದೆ.

ಈ ಚಿತ್ರವಾದ ಮೇಲೆ ಆರು ವರ್ಷಗಳ ಕಾಲ ಪರದೆಯ ಮೇಲೆ ಅವಳ ಮುಖವು ಬಹುಮಟ್ಟಿಗೆ ಮರೆಯಾಯಿತು. ಚಿತ್ರಗಳ ಪಟ್ಟಿಯನ್ನು ಮಾತ್ರ ಹಿಡಿದು ನೋಡುವವರು ಇದನ್ನು ಬರಿದಾದ ಕಾಲವೆನ್ನುವರು. ನಿಜವಾಗಿ ಅದು ತುಂಬಿದ ಕಾಲ. 1946ರಲ್ಲಿ ಅವಳು ಬ್ರಿಸ್ಟಲ್ ಊರಿನ ಓಲ್ಡ್ ವಿಕ್ ಮಂಡಲಿಯಲ್ಲಿ, ಗೌ ನಾಟಕವಾಗಿ ಮಾಡಿದ್ದ ಹಾರ್ಡಿಯ ಕಾದಂಬರಿಯ ಟೆಸ್ಸಳಾದಳು. ಟೆಸ್ ಎರಡು ನುಡಿಗಳ ಹುಡುಗಿ. ಮನೆಯಲ್ಲಿ ಸೀಮೆಯ ಮಾತು, ಹೊರಗೆ ಶಾಲೆಯಲ್ಲಿ ಕಲಿತ ಇಂಗ್ಲಿಷು. ಅಂಥವಳನ್ನು ಅಭಿನಯಿಸಲು ಈಕೆಗಿಂತ ಯೋಗ್ಯಳು ಯಾರಿದ್ದರು? 1947ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ 'ದಿ ಏರೆಸ್' ನಾಟಕದಲ್ಲಿ, ತಂದೆಯಿಂದ ಜಡೆಯೆನ್ನಿಸಿಕೊಂಡು ಪ್ರಿಯನಿಂದ ಮೋಸಹೋದ ಕ್ಯಾಥರಿನ್ ಸ್ಲೋಪರಳಾಗಿ ದೊಡ್ಡ ಹೆಸರು ಪಡೆದಳು. 1949ರಲ್ಲಿ ಅದು ಚಿತ್ರವಾದಾಗ ಪಾತ್ರವೂ ಅಕಾಡೆಮಿ ಬಹುಮಾನವೂ ಒಲಿವಿಯಾ ಡಿ ಹ್ಯಾವಿಲೆಂಡಳಿಗೆ ಸಂದುವು. 1951ರಲ್ಲಿ ಲಂಡನ್ನಿನ ಹೇಮಾರ್ಕೆಟ್ ರಂಗಶಾಲೆಯಲ್ಲಿ ಆರಂಭವಾಗಿ ಎರಡು ವರ್ಷಗಳ ಮೇಲೆ ನಡೆದ 'ವಾಟರ್ಸ್ ಆಫ್ ದಿ ಮೂನ್' ನಾಟಕದಲ್ಲಿ ಈಡಿತ್ ಇವಾನ್ಸ್, ಸಿಬಿಲ್ ಥಾರ್ನ್‌ಡೈಕ್ ಇವರಂಥ ಹಿರಿಯರ ನಡುವೆ ನಿಂತಳು. ಥಾರ್ನ್‌ಡೈಕಳು ಹಿಂದೆ ಹಾರ್ನಿಮನ್ನಳ ಮಂಡಲಿಯಲ್ಲಿ ಪಳಗಿದವಳು. ಆ ರಂಗದ ಮೇಲೆ ಮ್ಯಾಂಚೆಸ್ಟರಿನ ಎರಡು ತಲೆಮಾರುಗಳು ಜೊತೆಯಾಗಿ ನಿಂತಂತಾಯಿತು. 1955-56ರಲ್ಲಿ ಲಂಡನ್ನಿನ ಓಲ್ಡ್ ವಿಕ್‌ನಲ್ಲಿ ಷೇಕ್ಸ್‌ಪಿಯರನ ಪೋರ್ಷಿಯ, ಎಮಿಲಿಯ, ಹರ್ಮಿಯೊನಿ, ಹೆಲೆನ್ ಈ ನಾಲ್ವರನ್ನೂ ಒಂದೇ ಋತುವಿನಲ್ಲಿ ವಹಿಸಿದಳು. ಇದರಲ್ಲಿ ರೆಪರ್ಟರಿಯ ಹಳೆಯ ಅಭ್ಯಾಸವು ಎದ್ದು ಕಾಣುವುದು. ಪಾತ್ರವನ್ನು ಹಿಡಿದಿಟ್ಟುಕೊಳ್ಳುವ ಚಪಲ ಅವಳಿಗಿರಲಿಲ್ಲ. ಇವಾವುದಕ್ಕೂ ಈಗ ಸಾಕ್ಷಿಯಿಲ್ಲ. ರಂಗದ ಅಭಿನಯವು ನೋಡಿದವರ ಕಣ್ಣಿನಲ್ಲಿದ್ದು ಅವರೊಡನೆಯೇ ಹೋಗುವ ವಸ್ತು.

ವಿಚಿತ್ರವೆಂದರೆ, ಚಿತ್ರಗಳ ಲೋಕವನ್ನು ಇಷ್ಟು ಲಘುವಾಗಿ ಕಂಡವಳಿಗೆ ಆ ಲೋಕವು ತನ್ನ ದೊಡ್ಡ ಬಹುಮಾನವನ್ನು ತಾನಾಗಿ ಕೊಟ್ಟಿತು. ಟೆರೆನ್ಸ್ ರ್‍ಯಾಟಿಗನ್ನನ ನಾಟಕದಿಂದ 1958ರಲ್ಲಿ ತೆಗೆದ 'ಸೆಪರೇಟ್ ಟೇಬಲ್ಸ್' ಚಿತ್ರದಲ್ಲಿ ಅವಳು ಕಡಲತೀರದ ಹೋಟೆಲೊಂದರ ಮೇಲ್ವಿಚಾರಕಿ. ಅಲ್ಲಿ ತಂಗಿದವನೊಬ್ಬನನ್ನು ಒಳಗೊಳಗೇ ಪ್ರೀತಿಸಿ, ಅವನ ಮೊದಲ ಹೆಂಡತಿಯು ಬಂದಾಗ ಸದ್ದಿಲ್ಲದೆ ದಾರಿಬಿಡುವವಳು. ಬರ್ಟ್ ಲಂಕಾಸ್ಟರ್, ರೀಟಾ ಹೇವರ್ತ್, ಡೇವಿಡ್ ನಿವೆನ್ ಇವರಂಥ ತಾರೆಗಳ ನಡುವೆ ಡೆಬೊರಾ ಕರ್ ಕೂಡ ಅದರಲ್ಲಿದ್ದಳು. ಪೋಷಕ ಪಾತ್ರದ ಅಕಾಡೆಮಿ ಬಹುಮಾನವು ವೆಂಡಿಗೆ ಬಂದಿತು. ತನ್ನ ಒಳ್ಳೆಯ ದೃಶ್ಯಗಳನ್ನು ಕತ್ತರಿಸಿಹಾಕಿದ್ದಾರೆಂದೂ, ಈ ಗೌರವದಿಂದ ಕೈಗೆ ನಾಲ್ಕು ಕಾಸು ಬಂದರೆ ಸಂತೋಷವೆಂದೂ ಆಕೆಯು ಆಗ ಹೇಳಿದುದು ಪತ್ರಿಕೆಗಳವರಿಗೆ ಬಹಳ ದಿನ ಮಾತಿಗೆ ಗ್ರಾಸವಾಯಿತು. ಅದರಲ್ಲಿ ಒರಟುತನವನ್ನು ಕಂಡವರಿದ್ದಾರೆ. ಅದು ಲ್ಯಾಂಕಷೈರಿನ ಬಿಚ್ಚುಮಾತು. ವಿನ್ಸ್‌ಬಿ ಹೌಸಿನ ಉಪಾಧ್ಯಾಯಿನಿಯರ ಕೈಗೂ ಸಿಕ್ಕದೆ ಉಳಿದಿದ್ದ ಭಾಗ.

ನಡುವಯಸ್ಸಿನಲ್ಲಿ ಅವಳು ಮಾತಿನ ನಿಚ್ಚಣಿಗೆಯ ಆ ತುದಿಯನ್ನೂ ಕಂಡಳು. ಲಾರೆನ್ಸನ ಕಾದಂಬರಿಯಿಂದ ತೆಗೆದ 1960ರ 'ಸನ್ಸ್ ಅಂಡ್ ಲವರ್ಸ್' ಚಿತ್ರದಲ್ಲಿ ಅವಳು ಮೋರೆಲನ ಹೆಂಡತಿ. ಗಂಡನು ಕಲ್ಲಿದ್ದಲಿನ ಗಣಿಯವನು, ಗಣಿಯ ಮಾತನ್ನೇ ಆಡುವವನು. ಹೆಂಡತಿಯು ತಿದ್ದಿದ ಮಾತಿನವಳು, ಮಕ್ಕಳನ್ನು ಆ ಮಾತಿನ ಕಡೆಗೆ ಎಳೆಯುವವಳು. ಮಗುವಿನ ನಾಲಗೆಯನ್ನು ತಿದ್ದಲು ಹಂಬಲಿಸುವ ತಾಯಿತಂದೆಗಳ ಮನಸ್ಸನ್ನು ವೆಂಡಿಯು ಇಲ್ಲಿ ನಿಂದಿಸಲಿಲ್ಲ, ಸಮರ್ಥಿಸಲೂ ಇಲ್ಲ. ಆ ಹೆಂಗಸಿನ ಅಭಿಮಾನವನ್ನೂ ಒಂಟಿತನವನ್ನೂ ಒಟ್ಟಿಗೆ ತೋರಿಸಿದಳು. ಅವಳ ಚಿತ್ರಗಳಲ್ಲಿ ಎಲೈಜಳ ಪಕ್ಕದಲ್ಲಿ ಇಡತಕ್ಕುದು ಇದೊಂದೇ ಎನ್ನಬೇಕು. 1966ರ 'ಎ ಮ್ಯಾನ್ ಫಾರ್ ಆಲ್ ಸೀಸನ್ಸ್' ಚಿತ್ರದಲ್ಲಿ ತಾಮಸ್ ಮೋರನ ಮಡದಿ ಆಲಿಸ್ ಆಗಿ ಮೂರನೆಯ ಬಾರಿ ಅಕಾಡೆಮಿಯ ಸೂಚನೆಗೆ ಪಾತ್ರಳಾದಳು. ಗಂಡನ ಧರ್ಮಸೂಕ್ಷ್ಮವು ಅರ್ಥವಾಗದಿದ್ದರೂ ಅವನನ್ನು ಬಿಡಲಾರದ, ಕೋಪವನ್ನೇ ಪ್ರೀತಿಯಾಗಿ ಕಾರುವ ಗೃಹಿಣಿ ಆಕೆ. 1972ರಲ್ಲಿ ಹೇಮಾರ್ಕೆಟ್ಟಿನಲ್ಲಿ, ಎಂಟನೆಯ ಎಡ್ವರ್ಡನ ಸಿಂಹಾಸನತ್ಯಾಗವನ್ನು ಕುರಿತ 'ಕ್ರೌನ್ ಮ್ಯಾಟ್ರಿಮೋನಿಯಲ್' ನಾಟಕದ ರಾಜಮಾತೆ ಮೇರಿಯಾದಳು. ಸಾಲ್ಫರ್ಡಿನ ಗಿರಣಿಯಿಂದ ಅರಮನೆಯ ವರೆಗೆ ಇಂಗ್ಲಿಷಿನ ಎಲ್ಲ ಮೆಟ್ಟಲುಗಳನ್ನೂ ಹತ್ತಿದ ನಟಿಯರು ವಿರಳ. 1971ರಲ್ಲಿ ಒಂದು ಬಿರುದೂ 1975ರಲ್ಲಿ 'ಡೇಮ್' ಎಂಬ ಹಿರಿಯ ಬಿರುದೂ ಅವಳಿಗೆ ಸಂದುವು.

ಚಿತ್ರಗಳಲ್ಲಿ ಆ ಮೇಲೆ ಬಂದುವು ಸಣ್ಣ ಪಾತ್ರಗಳು. 1974ರ 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' ಚಿತ್ರದ ಮುದಿ ರಾಜಕುಮಾರಿ, 1980ರ 'ದಿ ಎಲಿಫಂಟ್ ಮ್ಯಾನ್' ಚಿತ್ರದ ಆಸ್ಪತ್ರೆಯ ಮೇಟ್ರನ್ ಇವರನ್ನು ನೋಡಿದವರು ಮರೆಯಲಾರರು. ಆದರೆ ರಂಗಭೂಮಿಯು ಅವಳಿಗೆ ಹೆಚ್ಚು ನಿಷ್ಠವಾಗಿದ್ದಿತು. 1977-78ರಲ್ಲಿ 'ವಾಟರ್ಸ್ ಆಫ್ ದಿ ಮೂನ್' ಮತ್ತೆ ರಂಗಕ್ಕೆ ಬಂದಾಗ, ಮೊದಲಬಾರಿ ಸಿಬಿಲ್ ಥಾರ್ನ್‌ಡೈಕ್ ವಹಿಸಿದ್ದ ವೃದ್ಧೆಯ ಪಾತ್ರವು ವೆಂಡಿಗೆ ಬಂದಿತು. ಇಂಗ್ರಿಡ್ ಬರ್ಗ್‌ಮನ್ ಆಗ ಅವಳ ಜೊತೆಯಲ್ಲಿದ್ದಳು.

1988ರಲ್ಲಿ, ಎಪ್ಪತ್ತಾರನೆಯ ವರ್ಷದಲ್ಲಿ, ಲಂಡನ್ನಿನ ಅಪಾಲೊ ರಂಗಶಾಲೆಯಲ್ಲಿ 'ಡ್ರೈವಿಂಗ್ ಮಿಸ್ ಡೇಯ್ಸಿ' ನಾಟಕದ ನಾಯಿಕೆಯಾಗಲು ಅವಳು ಒಪ್ಪಿದಳು. ಡೇಯ್ಸಿಯು ಅಮೆರಿಕದ ಅಟ್ಲಾಂಟ ನಗರದ ಯಹೂದ್ಯ ವಿಧವೆ. ನೀಗ್ರೋ ಜನಾಂಗದ ತನ್ನ ಕಾರಿನ ಚಾಲಕನೊಡನೆ ಇಪ್ಪತ್ತೈದು ವರ್ಷ ಜಗಳವಾಡುತ್ತ, ಕೊನೆಗೆ ಅವನೇ ತನ್ನ ಮಿತ್ರನೆಂದು ಕಾಣುವವಳು. ಪಾತ್ರದುದ್ದಕ್ಕೂ ಅಮೆರಿಕದ ದಕ್ಷಿಣದವರ ಎಳೆದು ನುಡಿಯುವ ಇಂಗ್ಲಿಷು. ಬೆಕ್ಸ್‌ಹಿಲ್ಲಿನ ಶಾಲೆಗೆ ಮಾತು ತಿದ್ದಿಸಿಕೊಳ್ಳಲು ಹೋಗಿದ್ದ ಹುಡುಗಿಯು ಅರುವತ್ತು ವರ್ಷಗಳ ಮೇಲೆ ಮತ್ತೊಂದು ನುಡಿಯ 'ದಕ್ಷಿಣ'ಕ್ಕೆ ಮಾತು ಕಲಿಯಲು ಕುಳಿತಳು. 1990ರ ದಶಕದ ಮೊದಲಲ್ಲಿ ಅಭಿನಯದಿಂದ ನಿವೃತ್ತಳಾಗಿ, 2003ನೆಯ ಇಸವಿ ಮೇ 14ರಂದು ಬೀಕನ್ಸ್‌ಫೀಲ್ಡಿನ ತನ್ನ ಮನೆಯಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು.